ನೆರಳು ಗಿಡ್ಡವಾದಾಗ ಬಿಸಿಲಿಗೆ ಬನ್ನಿ: ದಾವಣಗೆರೆ, ಚಿತ್ರದುರ್ಗದವರಿಗೆ ವಿಟಮಿನ್ ಡಿ ಕೈಪಿಡಿ

ಎಳೆಬಿಸಿಲಿಗೆ ಮೈ ಒಡ್ಡಿದರೆ ವಿಟಮಿನ್ ಡಿ ಸಿಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆರೂವರೆಗೆ ವಾಕಿಂಗ್ ಮುಗಿಸುತ್ತಾರೆ, ಕೂಸಿಗೆ ಎಣ್ಣೆ ಹಚ್ಚಿ ಏಳರ ಬಿಸಿಲಿಗೆ ಹಿಡಿಯುತ್ತಾರೆ. ಆಮೇಲೆ ರಕ್ತಪರೀಕ್ಷೆಯಲ್ಲಿ 20ರ ಮೇಲಿರಬೇಕಾದ ಅಂಕಿ 9 ಅಥವಾ 11 ಎಂದು ಬಂದರೆ, ಇಷ್ಟು ಬಿಸಿಲಿರುವ ಊರಲ್ಲಿ ಹೀಗೇಕೆ ಎಂದು ಗಾಬರಿಯಾಗುತ್ತಾರೆ. ಬಿಸಿಲಿಗೆ ಬಯಲುಸೀಮೆಯಲ್ಲಿ ಬರವಿಲ್ಲ. ತಪ್ಪುತ್ತಿರುವುದು ಹೊತ್ತು.

ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ವಸ್ತುವಿಗೆ 290ರಿಂದ 315 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ-ಬಿ ಕಿರಣ ತಾಗಿದಾಗ ವಿಟಮಿನ್ ಡಿ3 ತಯಾರಾಗುತ್ತದೆ. ಸೂರ್ಯ ತಗ್ಗಿನಲ್ಲಿದ್ದರೆ ಬೆಳಕು ಓಝೋನ್ ಪದರವನ್ನು ಓರೆಯಾಗಿ ದಾಟಬೇಕು. ಆ ಉದ್ದದ ದಾರಿಯಲ್ಲಿ ಈ ಕಿರಣಗಳೆಲ್ಲ ಹೀರಿಹೋಗುತ್ತವೆ. ಏಳು ಗಂಟೆಯ ಬಿಸಿಲು ಮೈಗೆ ಹಿತವಾಗಿರುವುದೂ ಅದರಲ್ಲಿ ವಿಟಮಿನ್ ಡಿ ಹುಟ್ಟದಿರುವುದೂ ಒಂದೇ ಕಾರಣಕ್ಕೆ. ಚರ್ಮದಲ್ಲಿ ಹುಟ್ಟಿದ್ದು ಯಕೃತ್ತಿಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ, ಆಮೇಲೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನ್ ಆಗುತ್ತದೆ. ವಿಟಮಿನ್ ಡಿ ಸಾಕಷ್ಟಿದ್ದರೆ ಕರುಳು ಊಟದಲ್ಲಿನ ಕ್ಯಾಲ್ಸಿಯಂನಲ್ಲಿ ಶೇ 30ರಿಂದ 40ರಷ್ಟನ್ನು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಶೇ 10ರಿಂದ 15 ಮಾತ್ರ. ಆಗ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ, ಬೆಳೆಯುವ ಮಕ್ಕಳಲ್ಲಿ ಕಾಲು ಬಾಗುತ್ತವೆ.

ಬಿಸಿಲಿನ ಲೆಕ್ಕ

ಗಡಿಯಾರಕ್ಕಿಂತ ನಿಮ್ಮ ನೆರಳನ್ನು ನೋಡಿ. ಬಯಲಲ್ಲಿ ನಿಂತಾಗ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಕಿರಣ ಚರ್ಮಕ್ಕೆ ತಲುಪುತ್ತಿದೆ. ಉದ್ದವಾಗಿದ್ದರೆ ಎಷ್ಟು ಹೊತ್ತು ಕೂತರೂ ಲಾಭ ಕಡಿಮೆ.

ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಚಿತ್ರದುರ್ಗ ಅದಕ್ಕಿಂತ ಸ್ವಲ್ಪ ಕೆಳಗೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲೂ ನೆತ್ತಿಯ ಹೊತ್ತಿಗೆ ಸೂರ್ಯ 52 ಡಿಗ್ರಿ ಏರುತ್ತಾನೆ; ಐದು ಅಡಿ ಎತ್ತರದವರ ನೆರಳು ನಾಲ್ಕು ಅಡಿಗಿಂತ ಕಡಿಮೆ. ಯುರೋಪಿನವರಿಗೆ ಚಳಿಗಾಲದ ತಿಂಗಳುಗಳಲ್ಲಿ ಚರ್ಮ ವಿಟಮಿನ್ ಡಿ ತಯಾರಿಸುವುದೇ ನಿಲ್ಲುತ್ತದೆ. ನಮಗೆ ವರ್ಷದ ಯಾವ ತಿಂಗಳೂ ಹಾಗಾಗುವುದಿಲ್ಲ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, ವರ್ಷದುದ್ದಕ್ಕೂ 12.10ರಿಂದ 12.40ರ ನಡುವೆ ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ 10.45ರಿಂದ ಮಧ್ಯಾಹ್ನ 2ರವರೆಗೆ ನೆರಳು ಗಿಡ್ಡವಿರುತ್ತದೆ. ಏಪ್ರಿಲ್ ಕೊನೆಯಲ್ಲಿ 9.20ಕ್ಕೇ ಶುರುವಾಗಿ 3.30ರವರೆಗೂ ಇರುತ್ತದೆ. ನಮ್ಮ ಅಕ್ಷಾಂಶಕ್ಕೆ ಹತ್ತಿರದ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲೂ 11ರಿಂದ 2 ಗಂಟೆಯ ಬಿಸಿಲೇ ಹೆಚ್ಚು ಫಲ ಕೊಟ್ಟಿತ್ತು.

ಹೀಗೆ ಮಾಡಿ. ನವೆಂಬರ್‌ನಿಂದ ಫೆಬ್ರುವರಿವರೆಗೆ 11ರಿಂದ 1 ಗಂಟೆಯೊಳಗೆ ಹೊರಗೆ ಬನ್ನಿ. ಮಾರ್ಚ್‌ನಿಂದ ಮೇವರೆಗೆ ಕೆಂಡದಂಥ ನಡುಹಗಲು ಬೇಡ, ಒಂಬತ್ತೂವರೆಯಿಂದ ಹತ್ತೂವರೆ ಸಾಕು. ಮಳೆಗಾಲದಲ್ಲಿ ಮೋಡ ಕಿರಣವನ್ನು ತಡೆಯುತ್ತದೆ. ಹೊಳವು ಕೊಟ್ಟ ದಿನ ಬಿಡಬೇಡಿ. ಮೊಣಕೈ ಮೇಲಿನವರೆಗೆ ತೋಳು, ಮೊಣಕಾಲಿನ ಕೆಳಗಿನ ಕಾಲು, ಮುಖ ತೆರೆದಿರಲಿ. ನಮ್ಮ ಕಂದು ಬಣ್ಣದ ಚರ್ಮಕ್ಕೆ 20ರಿಂದ 30 ನಿಮಿಷ ಬೇಕು, ವಾರಕ್ಕೆ ಮೂರು ನಾಲ್ಕು ದಿನ. ಬಣ್ಣ ಗಾಢವಾದಷ್ಟೂ ಮೆಲನಿನ್ ಹೆಚ್ಚು ಕಿರಣ ತಡೆಯುವುದರಿಂದ ಹೊತ್ತು ಹೆಚ್ಚು ಬೇಕಾಗುತ್ತದೆ. ಚರ್ಮ ಉರಿಯತೊಡಗುವ ಮುನ್ನ ನೆರಳಿಗೆ ಬನ್ನಿ. ಒಂದು ಹಂತದ ನಂತರ ಹೆಚ್ಚುವರಿ ವಿಟಮಿನ್ ಡಿ ಚರ್ಮದಲ್ಲೇ ಬೆಳಕಿಗೆ ಒಡೆದುಹೋಗುತ್ತದೆ, ಆದ್ದರಿಂದ ಗಂಟೆಗಟ್ಟಲೆ ಒಣಗಿದರೆ ಸುಟ್ಟುಕೊಳ್ಳುವುದಷ್ಟೇ. ಇದೇ ಕಾರಣಕ್ಕೆ ಬರೀ ಬಿಸಿಲಿನಿಂದ ಯಾರಿಗೂ ವಿಟಮಿನ್ ಡಿ ವಿಷವಾಗುವುದಿಲ್ಲ.

ಕಿಟಕಿಯ ಗಾಜು ಈ ಕಿರಣವನ್ನು ಬಿಡುವುದಿಲ್ಲ. ಬಸ್ಸಿನ ಮುಚ್ಚಿದ ಗಾಜಿನ ಪಕ್ಕ ಕೂತು ಪಡೆದ ಬಿಸಿಲು ಲೆಕ್ಕಕ್ಕಿಲ್ಲ. ಬಿಸಿಲಿನಿಂದ ಬಂದು ಸ್ನಾನ ಮಾಡಿದರೆ ತೊಳೆದುಹೋಗುತ್ತದೆ ಎಂಬ ಭಯ ಬೇಡ. ಅದು ಹುಟ್ಟುವುದು ಚರ್ಮದ ಜೀವಂತ ಪದರದೊಳಗೆ. ಲೂಪಸ್ ಇರುವವರು, ಬಿಸಿಲಿಗೆ ಗುಳ್ಳೆ ಏಳುವವರು, ಡಾಕ್ಸಿಸೈಕ್ಲಿನ್ ನುಂಗುತ್ತಿರುವವರು ಈ ದಾರಿ ಹಿಡಿಯಬಾರದು.

ಮಂಡಕ್ಕಿ ಭಟ್ಟಿಯ ಒಳಗೆ ದುಡಿಯುವವರು, ಚನ್ನಗಿರಿ ಕಡೆ ಶೆಡ್ಡಿನಡಿ ಅಡಿಕೆ ಸುಲಿಯುವ ಹೆಂಗಸರು, ಬುರ್ಖಾ ತೊಡುವವರು, ಹಗಲಿಡೀ ಅಂಗಡಿ ಗಲ್ಲೆಯಲ್ಲಿ ಕೂರುವವರು, ಹಾಸಿಗೆ ಹಿಡಿದ ಹಿರಿಯರು: ಇವರಿಗೆ ನೆರಳಿನ ಲೆಕ್ಕ ಸುಲಭಕ್ಕೆ ಕೂಡಿ ಬರುವುದಿಲ್ಲ. ನಾಲ್ಕೂ ಕಡೆ ಮರೆಯಿರುವ ತಾರಸಿ ಇದ್ದರೆ ಅಲ್ಲಿ ಪ್ರಯತ್ನಿಸಬಹುದು. ಎಪ್ಪತ್ತು ದಾಟಿದವರ ಚರ್ಮ ಯುವಕರದಷ್ಟು ತಯಾರಿಸುವುದೂ ಇಲ್ಲ. ಇಂಥವರಿಗೆ ಮಾತ್ರೆಯೇ ದಾರಿ.

ಊಟದಲ್ಲಿ ಎಷ್ಟು

ವಯಸ್ಕರಿಗೆ ದಿನಕ್ಕೆ 600 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 40 ಐಯು ಎಂದರೆ 1 ಮೈಕ್ರೊಗ್ರಾಂ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು ಇರುತ್ತದೆ. ವಿಟಮಿನ್ ಸೇರಿಸಿದ್ದಾರೆ ಎಂದು ತಿಳಿಸುವ ನೀಲಿ ಬಣ್ಣದ +ಎಫ್ ಗುರುತಿರುವ ಹಾಲಿನಲ್ಲಿ ಲೀಟರಿಗೆ 200ರಿಂದ 300 ಐಯು. ಅರ್ಧ ಲೀಟರ್ ಕುಡಿದರೂ 150 ದಾಟುವುದಿಲ್ಲ. ಅದೇ ಗುರುತಿನ ಅಡುಗೆ ಎಣ್ಣೆಯಲ್ಲಿ 20 ಗ್ರಾಂಗೆ ನೂರರ ಆಸುಪಾಸು. ಚಳ್ಳಕೆರೆಯಿಂದ ಡಬ್ಬಿಯಲ್ಲಿ ತರುವ ಗಾಣದ ಶೇಂಗಾ ಎಣ್ಣೆ ರುಚಿಗೆ ಒಳ್ಳೆಯದೇ, ಆದರೆ ಅದಕ್ಕೆ ವಿಟಮಿನ್ ಸೇರಿಸಿರುವುದಿಲ್ಲ. ಊಟವೊಂದನ್ನೇ ನಂಬಿ ಕೊರತೆ ತುಂಬಿಸಲು ಆಗದು.

ರಾಗಿಯಲ್ಲಿ ವಿಟಮಿನ್ ಡಿ ಇಲ್ಲ, ಕ್ಯಾಲ್ಸಿಯಂ ಇದೆ: 100 ಗ್ರಾಂ ಹಿಟ್ಟಿಗೆ 364 ಮಿಲಿಗ್ರಾಂ. ದಿನಕ್ಕೆ ಬೇಕಾದದ್ದು 1000. ಮುದ್ದೆ, ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಸೇರಿದರೆ ಹತ್ತಿರ ಬರಬಹುದು. ವಿಟಮಿನ್ ಡಿ ಮಾತ್ರೆ ನುಂಗುತ್ತಾ ಕ್ಯಾಲ್ಸಿಯಂ ಮರೆತರೆ ಮೂಳೆ ಗಟ್ಟಿಯಾಗುವುದಿಲ್ಲ. ಮಕ್ಕಳಲ್ಲಂತೂ ಕಾಲು ಬಾಗಲು ಕ್ಯಾಲ್ಸಿಯಂ ಕೊರತೆಯೊಂದೇ ಸಾಕು.

ಪರೀಕ್ಷೆ ಯಾರಿಗೆ, ಹೇಗೆ

ಆರೋಗ್ಯವಾಗಿರುವ ಎಲ್ಲರೂ ಪ್ಯಾಕೇಜ್ ಎಂದು ಈ ಪರೀಕ್ಷೆ ಮಾಡಿಸಬೇಕಿಲ್ಲ. ಸೊಂಟ, ಪಕ್ಕೆಲುಬು, ಮೊಣಕಾಲ ಕೆಳಗಿನ ಮೂಳೆಗಳಲ್ಲಿ ಮಂದ ನೋವು, ಆ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೋವು, ಕುಕ್ಕರಗಾಲಲ್ಲಿ ಕೂತು ಏಳಲು ಅಥವಾ ಮೆಟ್ಟಿಲು ಹತ್ತಲು ತೊಡೆಗೆ ಶಕ್ತಿ ಸಾಲದಿರುವುದು: ಇವಿದ್ದರೆ ಮಾಡಿಸಿ. ಚೀಟಿಯಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂದೇ ಬರೆಸಿ. 1,25 ಎಂದು ಶುರುವಾಗುವ ಪರೀಕ್ಷೆ ಬೇರೆ. ಕೊರತೆಯಿದ್ದರೂ ಅದು ಸರಿಯಾಗಿಯೇ ಕಾಣಬಹುದು. ಉಪವಾಸ ಬೇಕಿಲ್ಲ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ನುಂಗುತ್ತಿದ್ದರೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಸುಳ್ಳೇ ಹೆಚ್ಚು ಅಂಕಿ ತೋರಿಸುತ್ತದೆ.

ವರದಿ ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿದ್ದರೆ 20ರ ಮೇಲೆ ಬಹುತೇಕರ ಮೂಳೆಗೆ ಸಾಕು, 12ರ ಕೆಳಗೆ ಸ್ಪಷ್ಟ ಕೊರತೆ. ನ್ಯಾನೊಮೋಲ್‌ನಲ್ಲಿದ್ದರೆ 2.5ರಿಂದ ಭಾಗಿಸಿ. ಲ್ಯಾಬಿನ ಹಾಳೆಯಲ್ಲಿ 30ರ ಕೆಳಗೆ ಕೆಂಪಕ್ಷರ ಕಂಡಿತೆಂದು 24 ಇರುವವರು ಹೆದರಬೇಕಿಲ್ಲ.

ಜಗಳೂರಿನಂಥ ಕಡೆ, ಎರಡೂ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಬೆನ್ನು ಬಿಗಿತ, ಕೀಲುನೋವು, ಮಕ್ಕಳ ಕಾಲು ಸೊಟ್ಟಗಾಗುವುದು ಅದರಿಂದಲೂ ಬರುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿದ್ದರೆ ಹಾನಿ ಇನ್ನೂ ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆಯಿದ್ದರೆ ನೀರಿನ ಪರೀಕ್ಷೆಯನ್ನೂ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಿಡದೆ ವಿಟಮಿನ್ ಡಿ ಪುಡಿ ಕುಡಿಯುತ್ತಿದ್ದರೆ ನೋವು ಹೋಗುವುದಿಲ್ಲ.

60,000ದ ಪೊಟ್ಟಣ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಆದ್ದರಿಂದ ಗಮನವಿಟ್ಟು ಓದಿ. ಕೊರತೆ ಖಚಿತವಾದ ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 60,000 ಐಯು, ವಾರಕ್ಕೆ ಒಂದು, ಎಂಟು ವಾರ. ಆಮೇಲೆ ತಿಂಗಳಿಗೆ ಒಂದು, ಇಲ್ಲವೇ ದಿನಕ್ಕೆ 1000 ಐಯು ಮಾತ್ರೆ. ಕ್ಯಾಪ್ಸೂಲ್, ಪುಡಿಯ ಪೊಟ್ಟಣ, 5 ಮಿಲಿಯ ಪುಟ್ಟ ಬಾಟಲಿ, ಯಾವುದಾದರೂ ಸರಿ.

ಖಾಲಿ ಹೊಟ್ಟೆಗೆ ಬೇಡ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ದಿನದ ದೊಡ್ಡ ಊಟದ ಜೊತೆ ನುಂಗಿ, ಪುಡಿಯಾದರೆ ಕೆನೆ ತೆಗೆಯದ ಹಾಲಿಗೆ ಕದಡಿ ಕುಡಿಯಿರಿ. ವಾರ ಮರೆಯದಿರಲು ನಿಮ್ಮೂರಿನ ಸಂತೆಯ ದಿನವನ್ನೇ ಗೊತ್ತು ಮಾಡಿಕೊಂಡು, ಎಂಟು ಸಂತೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯ ಹಿರಿಯರ ಕೈಗೆ ಎಂಟು ಪೊಟ್ಟಣ ಒಟ್ಟಿಗೆ ಕೊಡಬೇಡಿ. ಬಿಪಿ ಮಾತ್ರೆಯಂತೆ ಇದನ್ನೂ ದಿನಾ ನುಂಗುವವರಿದ್ದಾರೆ. ಎರಡು ತಿಂಗಳು ಹಾಗಾದರೆ 36 ಲಕ್ಷ ಐಯು ಒಳಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಮಾತ್ರೆ ನಿಲ್ಲಿಸಿದ ಮೇಲೂ ಕೊಬ್ಬಿನಲ್ಲಿ ಕೂತದ್ದು ತಿಂಗಳುಗಟ್ಟಲೆ ಇಳಿಯುತ್ತಿರುತ್ತದೆ. ಈ ಲಕ್ಷಣ ಕಂಡರೆ ಮಾತ್ರೆ, ಕ್ಯಾಲ್ಸಿಯಂ ಎರಡೂ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಆರು ಲಕ್ಷ ಐಯು ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಡಿ. ಬಾಯಿಯಿಂದ ನುಂಗಲು ಆಗುವವರಿಗೆ ಅದು ಅನಗತ್ಯ. ವರ್ಷಕ್ಕೊಮ್ಮೆ 5 ಲಕ್ಷ ಐಯು ಒಟ್ಟಿಗೆ ನುಂಗಿದ ಆಸ್ಟ್ರೇಲಿಯಾದ ವೃದ್ಧೆಯರಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಿದ್ದು 2010ರಲ್ಲಿ ಪ್ರಕಟವಾಗಿದೆ.

ಕಿಡ್ನಿ ಕಲ್ಲು, ಕ್ಷಯ, ಸಾರ್ಕಾಯ್ಡೋಸಿಸ್ ಇರುವವರು, ಡಿಗಾಕ್ಸಿನ್ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಿಡ್ನಿ ಸೋತವರಿಗೆ ಬೇಕಾಗುವ ಔಷಧವೇ ಬೇರೆ ಇರಬಹುದು.

ಕೂಸು, ಬಸುರಿ, ಬಾಣಂತಿ

ತಾಯಿಯ ಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಹನಿ ಕೊಡಬೇಕು. ಕೂಸನ್ನು ನೆತ್ತಿ ಬಿಸಿಲಿಗೆ ಹಿಡಿಯಬೇಡಿ. ಹನಿಯ ಬಾಟಲಿ ಕೊಳ್ಳುವಾಗ ಮೇಲಿನ ಅಕ್ಷರ ಓದಿ: ಒಂದರಲ್ಲಿ ಮಿಲಿಗೆ 400 ಐಯು, ಇನ್ನೊಂದರಲ್ಲಿ 800. ಮೊದಲನೆಯದು ಒಂದು ಮಿಲಿ, ಎರಡನೆಯದು ಅರ್ಧ ಮಿಲಿ. ಅಂಗಡಿಯಲ್ಲಿ ಕಂಪನಿ ಬದಲಾದರೆ ಪ್ರಮಾಣವೂ ಬದಲಾಗಬಹುದು. ಒಂದು ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಬಳಸಬೇಡಿ. 60,000ದ ಪುಟ್ಟ ಬಾಟಲಿ ಹನಿಯ ಬಾಟಲಿಯಂತೆಯೇ ಕಾಣುವುದರಿಂದ ಎರಡನ್ನೂ ಒಂದೇ ಗೂಡಿನಲ್ಲಿ ಇಡಬೇಡಿ. ಮಣಿಕಟ್ಟು ದಪ್ಪವಾಗುವುದು, ಹಲ್ಲು ತಡವಾಗಿ ಬರುವುದು, ಕಾಲು ಬಾಗುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಫಿಟ್ಸ್ ಬಂದರೆ ತಡಮಾಡದೆ ಜಿಲ್ಲಾಸ್ಪತ್ರೆಗೆ ಒಯ್ಯಿರಿ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು.

ಬಸುರಿಯರಿಗೆ 14ನೇ ವಾರದಿಂದ ಹೆರಿಗೆಯ ನಂತರ ಆರು ತಿಂಗಳವರೆಗೆ ಸರ್ಕಾರದಿಂದ ಸಿಗುವ ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಐಯು ವಿಟಮಿನ್ ಡಿ ಇರುತ್ತದೆ. ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ ಮಾತ್ರೆಯನ್ನು ಅದರೊಟ್ಟಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ.

ಯಾವ ಕಾಯಿಲೆಗೆ ಇದು ಮದ್ದಲ್ಲ

ಕ್ಯಾನ್ಸರ್, ಹೃದಯಾಘಾತ ಎಲ್ಲಕ್ಕೂ ವಿಟಮಿನ್ ಡಿ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ. ಈ ಕಾಯಿಲೆಗಳಿರುವವರಲ್ಲಿ ಮಟ್ಟ ಕಡಿಮೆಯಿರುವುದು ನಿಜ. ಆದರೆ ಮನೆ ಬಿಟ್ಟು ಹೊರಬರಲಾಗದ ರೋಗಿಗೆ ಬಿಸಿಲು ಸಿಗುವುದೂ ಕಡಿಮೆ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 2000 ಐಯು, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ಸರಾಸರಿ ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಕೊರತೆಯಿರುವವರಿಗೆ ಮೂಳೆ, ಸ್ನಾಯುವಿಗೆ ಖಂಡಿತ ಲಾಭ. ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಾರದು.

ಮಟ್ಟ ಏರದಿದ್ದರೆ

ಶುರು ಮಾಡಿದ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿ. ರಕ್ತದಲ್ಲಿ ಇದು ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು, ಹೊಸ ಮಟ್ಟ ನೆಲೆಗೊಳ್ಳುವ ಮುನ್ನ ನೋಡಿದರೆ ಅಂಕಿ ದಾರಿ ತಪ್ಪಿಸುತ್ತದೆ. ಆಗಲೂ ಏರದಿದ್ದರೆ ಮೊದಲು ಕೇಳಿಕೊಳ್ಳಬೇಕಾದದ್ದು, ಎಂಟೂ ಪೊಟ್ಟಣ ನಿಜವಾಗಿ ಮುಗಿದವೇ, ಊಟದ ಜೊತೆ ನುಂಗಿದಿರಾ ಎಂಬುದು. ದಪ್ಪ ಮೈಯವರಿಗೆ ಎರಡು ಮೂರು ಪಟ್ಟು ಬೇಕಾಗಬಹುದು. ಮೂರ್ಛೆರೋಗದ ಫೆನಿಟಾಯಿನ್, ಫಿನೋಬಾರ್ಬಿಟಾಲ್, ಕ್ಷಯದ ರಿಫಾಂಪಿಸಿನ್ ವಿಟಮಿನ್ ಡಿಯನ್ನು ಬೇಗ ಒಡೆಯುತ್ತವೆ; ಆ ಔಷಧಗಳನ್ನು ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ವರದಿ ತೋರಿಸಿ. ಇದ್ಯಾವುದೂ ಅಲ್ಲದೆ ಆಗಾಗ ಭೇದಿ, ತೂಕ ಇಳಿಕೆ, ರಕ್ತಹೀನತೆ ಜೊತೆಗಿದ್ದರೆ ಕರುಳು ಹೀರಿಕೊಳ್ಳುತ್ತಿಲ್ಲ ಎಂದರ್ಥವಿರಬಹುದು. ಆಗ ಪ್ರಮಾಣ ಹೆಚ್ಚಿಸುವ ಮುಂಚೆ ಗೋಧಿ ಒಗ್ಗದಿರುವ ಸಿಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಬೇಕು. ಆ ವರದಿ ಬರುವವರೆಗೆ ಚಪಾತಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು.