ದಿನದ ಶಿರಾಜ್ ಪಕ್ಕಕ್ಕೆ ಹೊಸ ಬಾಟಲಿ

ನಮ್ಮ ಹುಬ್ಬಳ್ಳಿ ಕಡೆಯ ‘ವೈನ್ ಶಾಪ್’ನಲ್ಲಿ ವೈನ್ ಇರುವುದು ಸಾಮಾನ್ಯವಾಗಿ ಮೇಲಿನ ಮೂಲೆಯ ಹಲಗೆಯಲ್ಲಿ. ಬೇಸಿಗೆಯ ಶೆಕೆಯೆಲ್ಲ ಅಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಹೊಸ ವೈನ್ ಕೊಳ್ಳುವಾಗ ದ್ರಾಕ್ಷಿ ತಳಿ ಓದುವ ಮೊದಲು ಬಾಟಲಿಯ ಕುತ್ತಿಗೆ ನೋಡುತ್ತೇನೆ. ಕಾರ್ಕ್ ಉಬ್ಬಿ ಮೇಲೆದ್ದಿದ್ದರೆ, ಹೊದಿಕೆಯ ಕೆಳಗೆ ಅಂಟು ಜಿನುಗಿದ್ದರೆ ಅದು ಬೆಂದ ವೈನ್, ಮುಟ್ಟುವುದಿಲ್ಲ. ಬಿಳಿ ವೈನ್ ಆದರೆ ತಯಾರಾಗಿ ಎರಡು ವರ್ಷ ದಾಟಿದ್ದನ್ನು ಬಿಡುತ್ತೇನೆ.

ಹೊಸದನ್ನು ಒಂಟಿಯಾಗಿ ಕುಡಿದು ತೀರ್ಪು ಕೊಟ್ಟರೆ ಅದು ಯಾವಾಗಲೂ ಸೋಲುತ್ತದೆ, ನಾಲಿಗೆ ಹಳೆಯದನ್ನೇ ಹುಡುಕುತ್ತಿರುತ್ತದೆ. ಅದಕ್ಕೇ ರೂಢಿಯ ಕೆಂಪು ವೈನ್ ಶಿರಾಜ್ ಒಂದು ಗ್ಲಾಸಿಗೆ 50 ಮಿಲಿ, ಹೊಸದು ಇನ್ನೊಂದಕ್ಕೆ ಅಷ್ಟೇ. ಎರಡೂ ಗ್ಲಾಸು ಒಂದೇ ಆಕಾರದವು ಇರಬೇಕು. ಹುಳಿ, ಸಿಹಿ, ಒಗರು, ಗಂಟಲಿನ ಬಿಸಿ: ಈ ನಾಲ್ಕರಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದಷ್ಟೇ ಬರೆದುಕೊಳ್ಳುತ್ತೇನೆ. ಬೆರಿ ಹಣ್ಣು, ತಂಬಾಕು ಎಂಬ ವರ್ಣನೆಗಳೆಲ್ಲ ಆಮೇಲಾಗಲಿ.

ಒಮ್ಮೆಗೆ ಒಂದೆರಡು ಗುಣ ಮಾತ್ರ ಬದಲಾಗುವಂತೆ ಆರಿಸುವುದು ಒಳ್ಳೆಯದು. ಶಿರಾಜ್‌ನಿಂದ ಸಾಂಜೊವೇಸೆ ಎಂಬ ಇನ್ನೊಂದು ಕೆಂಪು ತಳಿಗೆ ಹೋದರೆ ಬಣ್ಣ ತಿಳಿಯಾಗುತ್ತದೆ, ಹುಳಿ ಏರುತ್ತದೆ. ಅಕ್ಲೂಜ್‌ನ ಫ್ರಟೆಲ್ಲಿ ಕಂಪನಿಯದು ಇದಕ್ಕೆ ಸಿಗುವಂಥದ್ದು. ಬಿಳಿ ವೈನ್ ಶೆನಿನ್ ಬ್ಲಾಂಕ್ ಕುಡಿಯುವವರು ನಂದಿಬೆಟ್ಟದ ಗ್ರೋವರ್ ಕಂಪನಿಯ ವಿಯೊನಿಯೆ ಎಂಬ ಬಿಳಿ ವೈನ್ ನೋಡಬಹುದು: ಹುಳಿ ಇಳಿದು ಹೂವಿನ ಪರಿಮಳ ಬರುತ್ತದೆ. ಪರಿಮಳ ಸಿಹಿಯಾಗಿದೆಯೆಂದು ವೈನೂ ಸಿಹಿ ಎಂದುಕೊಳ್ಳಬೇಡಿ, ಮೂಗು ಮುಚ್ಚಿ ಒಂದು ಗುಟುಕು ಕುಡಿದರೆ ಗೊತ್ತಾಗುತ್ತದೆ.

ಹೊಸ ವೈನು ಹಿಡಿಸದಿದ್ದರೆ ಅರ್ಧಕ್ಕರ್ಧ ತಪ್ಪು ಶಾಖದ್ದು. ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 10. ನಮ್ಮ ಮೇ ತಿಂಗಳ ಕೋಣೆಯಲ್ಲಿಟ್ಟ ಕೆಂಪು ವೈನ್ ಬರೀ ಆಲ್ಕೋಹಾಲ್ ಹೊಡೆಯುತ್ತದೆ. ಬಕೆಟ್‌ನಲ್ಲಿ ಅರ್ಧ ಐಸು, ಅರ್ಧ ನೀರು ತುಂಬಿ ಕುತ್ತಿಗೆವರೆಗೆ ಮುಳುಗಿಸಿ; ಕೆಂಪಿಗೆ 15 ನಿಮಿಷ, ಬಿಳಿಗೆ 30. ಬರೀ ಐಸು ಹಾಕಿದರೆ ತುಂಡುಗಳ ನಡುವೆ ಗಾಳಿ ನಿಂತು ತಡವಾಗುತ್ತದೆ. ತೀರಾ ತಣ್ಣಗಾದ ಕೆಂಪು ಮತ್ತೆ ಒಗರೊಗರು.

ಊಟದ ಜೊತೆ ಸವಿಯುವುದು ಎರಡನೇ ಸುತ್ತಿಗೆ. ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿ) ಜೊತೆ ಒಗರಿನ, 14% ಆಲ್ಕೋಹಾಲಿನ ಕೆಂಪು ವೈನ್ ಕುಡಿದರೆ ಖಾರಕ್ಕೆ ಇನ್ನಷ್ಟು ಉರಿ. ಅಲ್ಲಿ ತುಸು ಸಿಹಿಯಿರುವ, ತಣ್ಣನೆಯ ಶೆನಿನ್ ಬ್ಲಾಂಕ್ ಒಪ್ಪುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಎಣ್ಣೆಗಾಯಿ, ಜೋಳದ ರೊಟ್ಟಿಗೆ ಶಿರಾಜ್ ನಡೆಯುತ್ತದೆ, ಶೇಂಗಾದ ಜಿಡ್ಡು ಒಗರನ್ನು ಇಳಿಸುತ್ತದೆ. ಗುರೆಳ್ಳಿನ ಪುಡಿ ಮಾತ್ರ ಬೇಡ, ಅದರ ಕಹಿ ವೈನಿನ ಕಹಿಯನ್ನು ಎಬ್ಬಿಸುತ್ತದೆ. ಧಾರವಾಡ ಪೇಡೆ ತಿಂದ ಮೇಲೆ ಸಿಹಿಯಿಲ್ಲದ ಯಾವ ವೈನೂ ಹುಣಸೆಹುಳಿಯಂತೆ. ಪೇಡೆಗೆ ಲೇಟ್ ಹಾರ್ವೆಸ್ಟ್ (ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನ್) ಒಂದೇ ಗತಿ.

ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಗ್ಲಾಸು ತಿರುಗಿಸುತ್ತ ಹತ್ತು ನಿಮಿಷ ಕಾಯಿರಿ, ಸಾಮಾನ್ಯವಾಗಿ ಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಹೋಗುವುದಿಲ್ಲ, ಕಾರ್ಕ್ ಕೆಟ್ಟಿದೆ. ಆ ಬಾಟಲಿಯಿಂದ ತಳಿಯನ್ನು ಅಳೆಯಬೇಡಿ.

750 ಮಿಲಿ ಒಂದೇ ರಾತ್ರಿ ಮುಗಿಸುವ ಹಟ ಬೇಕಿಲ್ಲ. ತೆರೆದ ಕೂಡಲೇ ಅರ್ಧವನ್ನು 375 ಮಿಲಿ ಬಾಟಲಿಗೆ ಕಂಠಪೂರ್ತಿ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಗಾಳಿ ಕಾಟವಿಲ್ಲ. ಕೆಲವು ಕೆಂಪು ವೈನುಗಳ ಒಗರು ಮರುದಿನ ಇಳಿದಿರುತ್ತದೆ. ಮತ್ತೆ ಕೊಳ್ಳಬೇಕೋ ಬೇಡವೋ ಎಂದು ಬರೆಯುವುದು ಆ ಮರುದಿನದ ಗ್ಲಾಸಿನ ಮೇಲೆ.