ಅರಳಿ ಎಲೆಯ ನರಗಳನ್ನು ಉಳಿಸಿಕೊಳ್ಳುವ ಬಗೆ: ನನ್ನ ಅನುಭವ

ಕಲಾಕೃತಿಗಳಿಗೆ ನಿಜವಾದ ಎಲೆಗಳನ್ನು ಬಳಸುವವರು ಎಲೆಯ ಯಾವ ಗುಣವನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಬಣ್ಣ, ಮೆದುತನ, ಆಕಾರ, ನರಗಳ ವಿನ್ಯಾಸ ಇವೆಲ್ಲವನ್ನೂ ಒಟ್ಟಿಗೆ ಕಾಪಾಡುವ ವಿಧಾನ ನನಗೆ ಇದುವರೆಗೂ ಸಿಕ್ಕಿಲ್ಲ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಬೆಳಕಿಗೆ ನಶಿಸುವುದರಿಂದ, ಎಷ್ಟೇ ಜೋಪಾನವಾಗಿ ಒಣಗಿಸಿದರೂ ಗೋಡೆಗೆ ತೂಗುಹಾಕಿದ ಹಸಿರೆಲೆ ಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬಹುಕಾಲ ಬಾಳಬೇಕಾದ ಕೃತಿಗಳಿಗೆ ನಾನು ನೆಚ್ಚಿಕೊಂಡಿರುವುದು ಎಲೆಯ ನರಗಳನ್ನು, ಅದರಲ್ಲೂ ಅರಳಿ ಎಲೆಯ ನರಗಳನ್ನು.

ಅರಳಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ನಡುನರದಿಂದ ಹೊರಟ ಪಕ್ಕದ ನರಗಳು ಅಂಚಿನ ಬಳಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅವುಗಳ ನಡುವಿನ ಜಾಗವನ್ನೆಲ್ಲ ಕೂದಲಿಗಿಂತ ಸಣ್ಣ ನರಗಳು ಬಲೆಯಂತೆ ತುಂಬಿಕೊಂಡಿರುತ್ತವೆ. ಹೀಗಾಗಿ ತಿರುಳು ಕಳಚಿದ ಮೇಲೂ ಎಲೆ ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ತಾಮ್ರದ ಬಣ್ಣದ ಚಿಗುರೆಲೆಗಳು ಕಣ್ಣಿಗೆ ಎಷ್ಟೇ ಚೆಂದವಾಗಿದ್ದರೂ ಅವುಗಳ ನರ ಬಲಿತಿರುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ಹಣ್ಣಾಗಿ ಉದುರಿ ಬಹಳ ದಿನ ಬಿಸಿಲಿಗೆ ಒಣಗಿದ ಎಲೆಯೂ ಬೇಡ. ಅದು ಮಡಚಿದಲ್ಲಿ ಮುರಿಯುತ್ತದೆ. ಚೆನ್ನಾಗಿ ಬಲಿತು ಕಡುಹಸಿರಾದ, ಹುಳು ತೂತು ಮಾಡದ ಎಲೆಯನ್ನು ತೊಟ್ಟಿನ ಸಮೇತ ಆರಿಸಬೇಕು. ಪೂಜೆ ನಡೆಯುವ ಅಶ್ವತ್ಥಕಟ್ಟೆಯ ಮರದಿಂದ ನಾನು ಎಲೆ ಕೀಳುವುದಿಲ್ಲ. ಹಳೆಯ ಗೋಡೆಗಳ ಬಿರುಕಿನಲ್ಲಿ, ಬಾವಿಯ ಕಲ್ಲುಗಳ ಸಂದಿನಲ್ಲಿ ಅರಳಿ ತಾನಾಗಿ ಹುಟ್ಟುತ್ತದೆ. ಮನೆಯವರು ಹೇಗೂ ಅದನ್ನು ಕಡಿದು ಹಾಕುವವರಿರುತ್ತಾರೆ. ಅವರನ್ನು ಕೇಳಿ ಅಲ್ಲಿಂದ ತಂದ ಎಲೆಗಳೇ ನನಗೆ ಸಾಕಾಗುತ್ತವೆ.

ತಂದ ಎಲೆಗಳನ್ನು ತೊಳೆದು, ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೇಲೇಳದಂತೆ ಒಂದು ತಟ್ಟೆಯನ್ನೂ ಕಲ್ಲನ್ನೂ ಹೇರಿ, ಮುಚ್ಚಳ ಮುಚ್ಚಿ ಮನೆಯ ಹಿಂದೆ ನೆರಳಿನಲ್ಲಿ ಇಡುತ್ತೇನೆ. ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಎಲೆಯ ಮೆದು ಭಾಗವನ್ನು ಕೊಳೆಸುತ್ತವೆ. ಗಡುಸಾದ ನರಗಳು ಅಷ್ಟು ಬೇಗ ಕೊಳೆಯುವುದಿಲ್ಲ. ಈ ವಿಧಾನ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ವಾಸನೆ ಜೋರಾಗಿರುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಬೇಕು. ವಾರಕ್ಕೊಮ್ಮೆ ನೀರನ್ನು ಬದಲಿಸುವಾಗ ಎಲ್ಲವನ್ನೂ ಚೆಲ್ಲದೆ ಸ್ವಲ್ಪ ಹಳೆಯ ನೀರನ್ನು ಉಳಿಸಿಕೊಂಡರೆ ಕೊಳೆಯುವ ಕೆಲಸ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ದಿನಗಳನ್ನು ಎಣಿಸುವುದಕ್ಕಿಂತ ಬೆರಳಿಗೆ ಸಿಗುವ ಗುರುತನ್ನು ನಂಬುವುದು ಮೇಲು: ಎಲೆಯ ಮೇಲ್ಪದರ ಉಬ್ಬಿಕೊಂಡು, ಹೆಬ್ಬೆರಳಿನಿಂದ ಸವರಿದಾಗ ತೆಳುವಾದ ಪೊರೆಯಾಗಿ ಜಾರಿದರೆ ಎಲೆ ಹದಕ್ಕೆ ಬಂದಿದೆ ಎಂದರ್ಥ.

ಆಮೇಲಿನ ತೊಳೆಯುವ ಕೆಲಸದಲ್ಲೇ ಎಲೆ ಉಳಿಯುವುದೂ ಹರಿಯುವುದೂ ನಿರ್ಧಾರವಾಗುತ್ತದೆ. ನಲ್ಲಿಯ ಧಾರೆಗೆ ಹಿಡಿಯಬಾರದು. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರು ತುಂಬಿ, ಎಲೆಯನ್ನು ಅದರಲ್ಲೇ ಮಲಗಿಸಿ, ತೊಟ್ಟಿನ ಬುಡವನ್ನು ಎಡಗೈಯಿಂದ ಒತ್ತಿ ಹಿಡಿದು, ಮೆದುವಾದ ಹಳೆಯ ಟೂತ್‌ಬ್ರಷ್‌ನಿಂದ ನಡುನರದ ಕಡೆಯಿಂದ ಅಂಚಿನ ಕಡೆಗೆ ಮಾತ್ರ ತಟ್ಟುತ್ತಾ ಸವರಬೇಕು. ಮೊದಲು ಒಂದು ಮಗ್ಗುಲಿನ ಪೊರೆ ಸುಲಿದು ಬರುತ್ತದೆ, ಹಿಂದೆಯೇ ಹಸಿರು ತಿರುಳು ಹೊಗೆಯಾಡಿದ ಹಾಗೆ ನೀರಿಗೆ ಬಿಡುತ್ತದೆ. ಬಾಲದಂತಹ ಉದ್ದನೆಯ ತುದಿಗೆ ಬ್ರಷ್ ಬೇಡ, ಬೆರಳೇ ಸಾಕು. ತಿರುಳು ಬಿಡದ ಜಾಗವನ್ನು ಉಜ್ಜಿ ತೆಗೆಯಲು ಹೋಗದೆ ಎಲೆಯನ್ನು ಮತ್ತೆ ಬಕೆಟ್ಟಿಗೆ ಹಾಕುವ ತಾಳ್ಮೆ ಇರಬೇಕು.

ಅವಸರವಿದ್ದಾಗ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಎಲೆಗಳನ್ನು ಒಂದೆರಡು ಗಂಟೆ ಕುದಿಸಿಯೂ ತಿರುಳು ಬಿಡಿಸಬಹುದು. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸೋಡಾ ಸಾಕು. ಪಾತ್ರೆ ಸ್ಟೀಲಿನದಾಗಿರಲಿ, ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸುವುದು ಬೇಡ. ಆದರೂ ಕುದಿಸಿದ ಎಲೆಯಲ್ಲಿ ಅತಿಸಣ್ಣ ನರಗಳು ಅಲ್ಲಲ್ಲಿ ಕಡಿದುಹೋಗುವುದನ್ನು ನಾನು ಕಂಡಿರುವುದರಿಂದ, ಸೂಕ್ಷ್ಮ ಕೆಲಸಕ್ಕೆ ತಣ್ಣೀರಿನ ನಿಧಾನವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಳೆದ ಎಲೆಯನ್ನು ಹತ್ತಿಬಟ್ಟೆಯ ಮೇಲೆ ಹರಡಿ, ಇನ್ನೂ ಸ್ವಲ್ಪ ತೇವವಿರುವಾಗಲೇ ಹಳೆಯ ದಿನಪತ್ರಿಕೆಗಳ ನಡುವೆ ಇಟ್ಟು ಭಾರ ಹೇರುತ್ತೇನೆ. ಬಿಸಿಲಿಗೆ ಹಾಕಿದರೆ ಸುರುಟಿಕೊಳ್ಳುತ್ತದೆ. ಶಾಯಿ ಹತ್ತದಂತೆ ನಡುವೆ ಬಿಳಿ ಹಾಳೆ ಇಡಬೇಕು, ಕಾಗದವನ್ನು ದಿನವೂ ಬದಲಿಸಬೇಕು. ಮಳೆಗಾಲದಲ್ಲಿ ಇದನ್ನು ಒಂದು ದಿನ ತಪ್ಪಿಸಿದರೂ ಬೂಷ್ಟು ಹಿಡಿಯುತ್ತದೆ.

ನರವಷ್ಟೇ ಅಲ್ಲದೆ ಇಡೀ ಎಲೆಯೇ ಬಾಗುವಂತೆ ಉಳಿಯಬೇಕಾದಾಗ, ಉದಾಹರಣೆಗೆ ಹಲಸಿನ ಎಲೆಗಳನ್ನು ಕೊಲಾಜ್‌ಗೆ ಬಳಸುವಾಗ, ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಬೆರೆಸಿ, ಆರಿದ ಮೇಲೆ ಎಲೆಗಳನ್ನು ಕೆಲವು ದಿನ ಅದರಲ್ಲಿ ಮುಳುಗಿಸಿಡುತ್ತೇನೆ. ಎಲೆಯೊಳಗಿನ ನೀರಿನ ಜಾಗವನ್ನು ಗ್ಲಿಸರಿನ್ ಹಿಡಿಯುವುದರಿಂದ ಎಲೆ ಪುಡಿಯಾಗುವುದಿಲ್ಲ. ಬಣ್ಣ ಮಾತ್ರ ಕಂದಾಗುತ್ತದೆ, ಮೇಲ್ಮೈ ಜಿಡ್ಡಾಗುವುದರಿಂದ ಅದರ ಮೇಲೆ ಚಿತ್ರ ಬರೆಯಲು ಬರುವುದಿಲ್ಲ.

ಅರಳಿಯ ಒಣಗಿದ ನರಜಾಲದ ಮೇಲೆ ಚಿತ್ರ ಬರೆಯುವುದಾದರೆ, ನೀರು ಬೆರೆಸಿದ ಫೆವಿಕಾಲನ್ನು ತೆಳುವಾಗಿ ಬಳಿದು ಒಣಗಿಸಿ, ಅದರ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚುತ್ತೇನೆ. ಜಲವರ್ಣ ರಂಧ್ರಗಳಲ್ಲಿ ಇಳಿದುಹೋಗುತ್ತದೆ. ಹಾಳೆಗೆ ಅಂಟಿಸುವಾಗ ತೊಟ್ಟಿಗೂ ನಡುನರಕ್ಕೂ ಮಾತ್ರ ಅಂಟು ಮುಟ್ಟಿಸಿ ಅಂಚನ್ನು ಬಿಡುವಾಗಿ ಬಿಡಬೇಕು. ತೇವಕ್ಕೆ ಕಾಗದ ಹಿಗ್ಗುವಾಗ ಸುತ್ತಲೂ ಅಂಟಿಸಿದ ಎಲೆ ಬಿರಿಯುತ್ತದೆ. ಚೌಕಟ್ಟು ಹಾಕಿಸುವಾಗ ಗಾಜು ಎಲೆಗೆ ತಾಗದಂತೆ ನಡುವೆ ರಟ್ಟಿನ ಪಟ್ಟಿ ಕೊಡಲು ಹೇಳಿ, ಮತ್ತು ಈ ಕೆಲಸವನ್ನು ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆಯೇ ಮಾಡಿಸಿ.