ಓದಿಗೂ ಒಂದು ಗಲ್ಲಾ ಪುಸ್ತಕ

ಸಿಎ ಇಂಟರ್, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಓದಿನ ನಡುವಿನ ಪರೀಕ್ಷೆಯ, ಫಲಿತಾಂಶ ಬಂದ ದಿನ ನಾನು ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲಿದ್ದೆ. ಮೊಬೈಲಿನಲ್ಲಿ ನೋಡಿದರೆ ಒಂದು ಪೇಪರಿನಲ್ಲಿ 38. ಪ್ರತಿ ಪೇಪರಿಗೂ ಕನಿಷ್ಠ 40 ಬೇಕು, ಗ್ರೂಪಿನ ಒಟ್ಟಿನಲ್ಲಿ ಶೇಕಡಾ 50 ಬೇಕು. ಒಟ್ಟು ಇತ್ತು, ಆ ಎರಡು ಅಂಕ ಇರಲಿಲ್ಲ. ಅಳೋಣ ಅಂದರೆ ಆ ಸೇತುವೆ ಮೇಲೆ ನಿಲ್ಲಲಿಕ್ಕೇ ಜಾಗ ಇಲ್ಲ, ಹಿಂದಿನವರು 'ಚಲಾ ಚಲಾ' ಅಂತ ತಳ್ಳಿದರು, ನಡೆದೆ.

ಆಮೇಲಿನ ಮೂರು ವಾರ ನಾನು ಓದಿದ್ದು ಕಡಿಮೆ, ಓದಲು ಹುರಿದುಂಬಿಸುವ ವಿಡಿಯೋ ನೋಡಿದ್ದು ಜಾಸ್ತಿ. ನೋಡಿದ ಹತ್ತು ನಿಮಿಷ ಮೈಯೆಲ್ಲ ಬಿಸಿ. ಆಮೇಲೆ ಅದೇ ಪುಸ್ತಕ, ಅದೇ ಪ್ಲಾಸ್ಟಿಕ್ ಕುರ್ಚಿ, ಗೋಡೆಯಾಚೆ ಅದೇ ಸೀರಿಯಲ್. ನಿಮಗೂ ಹೀಗೇ ಆಗುತ್ತದೆ ಅಲ್ವಾ?

ನನ್ನನ್ನು ದಾರಿಗೆ ತಂದದ್ದು ಮಾಮನ ಗಲ್ಲಾ ಪುಸ್ತಕ. ಮಾಮ ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಎಸ್ಸೆಸ್ಸಿ, ಅಂದರೆ ಇಲ್ಲಿಯ ಎಸ್ಸೆಸ್ಸೆಲ್ಸಿ, ಮಾಡಿದರು. ಈ ಊರಿನಲ್ಲಿ ಹಾಗೆ ಓದಿದವರು ಎಷ್ಟೋ ಜನ. ಈಗ ಗಲ್ಲಾದಲ್ಲಿ ಕೂರುತ್ತಾರೆ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ, ಕೆಂಪು ಬಟ್ಟೆಯ ಉದ್ದ ಪುಸ್ತಕ ತೆಗೆದು ನಡುವೆ ಗೀಟು ಹಾಕಿ ಎಡಕ್ಕೆ 'ಬಂದದ್ದು', ಬಲಕ್ಕೆ 'ಹೋದದ್ದು' ಬರೆಯುತ್ತಾರೆ. ನಾನು ನನ್ನ ಗೋಳು ತೋಡಿಕೊಂಡಾಗ ಅವರು ಸಮಾಧಾನವೇನೂ ಹೇಳಲಿಲ್ಲ. "ನಿನ್ನೆ ಏನು ಬಂತು, ಏನು ಹೋಯ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕಶಾಸ್ತ್ರ ಓದುವವಳು ನಾನು, ಲೆಕ್ಕ ಇಟ್ಟವರು ಅವರು.

ಹಾಗಾಗಿ ಮೊದಲ ಕೆಲಸ ಇದು. ಮೂವತ್ತು ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಆ್ಯಪ್ ಬೇಡ, ಆ್ಯಪ್ ತೆರೆಯಲು ಫೋನ್ ಕೈಗೆ ಬರಬೇಕು, ಬಂದ ಫೋನ್ ಹೋಗುವುದಿಲ್ಲ. ದಿನಕ್ಕೆ ಒಂದು ಪುಟ, ಮಲಗುವ ಮೊದಲು ಐದು ನಿಮಿಷ. ಎಡಗಡೆ 'ಬಂದದ್ದು'. ಇಲ್ಲಿ 'ಮೂರು ಗಂಟೆ ಓದಿದೆ' ಅಂತ ಬರೆಯಬೇಡಿ, ಅದು ಕುಳಿತ ಲೆಕ್ಕ. ಪುಸ್ತಕ ಮುಚ್ಚಿ ಈಗ ನಾನು ಏನು ಹೇಳಬಲ್ಲೆ, ಅದಷ್ಟೇ. ಬಲಗಡೆ 'ಹೋದದ್ದು': ಹೊತ್ತು ಎಲ್ಲಿ ಹೋಯಿತು, ಮನಸ್ಸು ಎಲ್ಲಿ ಹೋಯಿತು. ಬೈಗುಳ ಬೇಡ. ಇಡ್ಲಿ ಹಳಸಿತು ಅಂತ ಬರೆಯುವಾಗ ಮಾಮ ಇಡ್ಲಿಗೆ ಬೈಯುವುದಿಲ್ಲ, ಎಷ್ಟು ಪ್ಲೇಟು ಅಂತ ಬರೆಯುತ್ತಾರೆ.

ನನ್ನ ಒಂದು ಪುಟ ಹೀಗಿದೆ. (ಕ್ಯಾಶ್ ಫ್ಲೋ ಅಂದರೆ ದುಡ್ಡು ಬಂದು ಹೋದ ಪಟ್ಟಿ, ಫೈನಾನ್ಸಿಂಗ್ ಅದರಲ್ಲಿ ಸಾಲ, ಬಂಡವಾಳದ ಭಾಗ. ಟ್ಯಾಲಿ ಆಗುವುದು ಅಂದರೆ ಲೆಕ್ಕದ ಎರಡೂ ಕಡೆಯ ಮೊತ್ತ ಒಂದೇ ಆಗುವುದು.) ಬಂದದ್ದು: 'ಸಾಲದ ಮೇಲೆ ಕಟ್ಟಿದ ಬಡ್ಡಿ ಕ್ಯಾಶ್ ಫ್ಲೋದಲ್ಲಿ ಫೈನಾನ್ಸಿಂಗ್ ಕೆಳಗೆ. ಇವತ್ತು ತಲೆಗೆ ಹೋಯಿತು.' ಹೋದದ್ದು: '8.40ಕ್ಕೆ ಫೋನ್ ತೆಗೆದೆ, 9.25ಕ್ಕೆ ಇಟ್ಟೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿರಲಿಲ್ಲ.'

ಎರಡು ವಾರ ಕಳೆದು ಒಂದು ಭಾನುವಾರ ಹಿಂದಿನ ಪುಟಗಳನ್ನೆಲ್ಲ ಓದಿದೆ. ಫೋನ್ ತೆಗೆದ ಕಡೆಯಲ್ಲೆಲ್ಲ ಮೇಲೆ ಕೆಳಗೆ ಅದೇ ಮಾತು: ಟ್ಯಾಲಿ ಆಗಲಿಲ್ಲ, ಟ್ಯಾಲಿ ಆಗಲಿಲ್ಲ. ನಾನು ಸೋಮಾರಿ ಅಂತ ಮನೆಯವರೂ ಹೇಳಿದ್ದರು, ನಾನೂ ನಂಬಿದ್ದೆ. ನೋಡಿದರೆ ನನಗೆ ಇದ್ದದ್ದು ಹೆದರಿಕೆ. ಲೆಕ್ಕ ಕೈಕೊಟ್ಟ ಕೂಡಲೇ '38' ನೆನಪಾಗುತ್ತಿತ್ತು, ಕೈ ಫೋನಿಗೆ ಹೋಗುತ್ತಿತ್ತು. ಇದು ಗೊತ್ತಾದ ಮೇಲೆ ಮದ್ದು ಸುಲಭ. ಟ್ಯಾಲಿ ಆಗದಿದ್ದರೆ ದೊಡ್ಡದೊಂದು ಪ್ರಶ್ನೆ ಗುರುತು ಹಾಕಿ ಎದ್ದು ನೀರು ಕುಡಿದು ಮುಂದಿನ ಲೆಕ್ಕಕ್ಕೆ ಹೋಗುವುದು. ಪ್ರಶ್ನೆ ಗುರುತುಗಳೆಲ್ಲ ಭಾನುವಾರಕ್ಕೆ. ನಿಮ್ಮ ಪುಟದಲ್ಲಿ ಬೇರೆಯೇ ಏನೋ ಕಾಣಬಹುದು: ಮಧ್ಯಾಹ್ನದ ಊಟ ಜಾಸ್ತಿ ಆಗಿದ್ದು, ಯಾರದೋ ಸ್ಟೇಟಸ್ ನೋಡಿ ಹೊಟ್ಟೆ ಉರಿದದ್ದು. ಕಂಡಿದ್ದನ್ನು ಬರೆಯಿರಿ, ಯಾರೂ ಓದುವುದಿಲ್ಲ. ಮತ್ತೆ, ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದಾಗ ನಾನು ಯಾರಿಗೋ ಇಂಟರ್‌ವ್ಯೂ ಕೊಡುತ್ತಿರುವ ಹಾಗೆ ಬರೆಯುತ್ತೇನೆ, ಸುಳ್ಳು ತಾನಾಗಿ ಬರುತ್ತದೆ.

ಪುಟದ ಕೊನೆಯ ಸಾಲು ನಾಳೆಗೆ. 'ನಾಳೆ ಚೆನ್ನಾಗಿ ಓದಬೇಕು' ಅಲ್ಲ. 'ಪುಟ 112, ನಾಲ್ಕನೇ ಲೆಕ್ಕ.' ಮನಸ್ಸು ಬರಲಿ, ಆಮೇಲೆ ಕೂರುತ್ತೇನೆ ಅಂತ ಕಾದರೆ ಕಾಯುತ್ತಲೇ ಇರಬೇಕು. ನಾಲ್ಕನೇ ಲೆಕ್ಕಕ್ಕೆ ಮನಸ್ಸೇನೂ ಬೇಕಾಗಿಲ್ಲ, ಪೆನ್ನು ಸಾಕು.

ಎಷ್ಟು ಹೊತ್ತು ಓದಬೇಕು ಅನ್ನುವುದಕ್ಕೆ ಪೊಮೊಡೊರೊ ಅಂತ ಒಂದು ಪದ್ಧತಿ ಇದೆ. 1980ರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ್ದು, 25 ನಿಮಿಷ ಓದು, 5 ನಿಮಿಷ ಬಿಡುವು. ನನ್ನ ಟೊಮೆಟೊ ಮುಂಬಯಿಯ ಫಾಸ್ಟ್ ಲೋಕಲ್ ರೈಲು. ಥಾಣೆ ಸ್ಟೇಷನ್ನಿನಿಂದ ದಾದರ್ ಸ್ಟೇಷನ್ನಿಗೆ ಸುಮಾರು ಅರ್ಧ ಗಂಟೆ. ಲೇಡೀಸ್ ಡಬ್ಬಾದಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಬ್ಯಾಗಿಗೆ, ಪುಸ್ತಕ ಬಿಡಿಸುವ ಮಾತೇ ಇಲ್ಲ. ಅದೇ ಒಳ್ಳೆಯದಾಯಿತು. ನಿನ್ನೆ ಓದಿದ್ದನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ದರು, ಆದರೆ ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರಿಗೇ ಜಾಸ್ತಿ ನೆನಪಿತ್ತು. ಓದುವಾಗ 'ಎಲ್ಲ ಗೊತ್ತು' ಅನ್ನಿಸುವುದು ಎಂಥ ಮೋಸ ನೋಡಿ.

ಈಗ ಮಜಾ ಇರುವ ಭಾಗ. ನಮ್ಮ ಮನೆಯಲ್ಲಿ ತಾಳಮದ್ದಳೆಯ ಹುಚ್ಚು. ಮುಂಬಯಿಯ ಕನ್ನಡ ಸಂಘಗಳಲ್ಲಿ ಎಲ್ಲಿ ಕೂಟ ಇದ್ದರೂ ಅಪ್ಪ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಕಾದಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಅಲ್ಲ, ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆಗಲೇ ಉತ್ತರ ಹುಟ್ಟಬೇಕು. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಿಗಂತೂ ಕೊನೆಯೇ ಇಲ್ಲ. ಜಿಎಸ್‌ಟಿ ಎಷ್ಟು ಓದಿದರೂ ತಲೆಗೆ ಹೋಗದೇ ಇದ್ದಾಗ ಒಂದು ರಾತ್ರಿ ಅದನ್ನೇ ವಾಲಿವಧೆ ಮಾಡಿದೆ. (ಇನ್‌ಪುಟ್ ಕ್ರೆಡಿಟ್ ಅಂದರೆ ಕೊಂಡದ್ದರ ಮೇಲೆ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು.)

"ಹೇ ರಾಮ, ಸಿಬ್ಬಂದಿಗೆ ಹೊರಗಿನಿಂದ ಊಟ ತರಿಸಿದೆ. ತೆರಿಗೆ ಕಟ್ಟಿದ್ದೇನೆ, ಬಿಲ್ ಇದೆ. ಇನ್‌ಪುಟ್ ಕ್ರೆಡಿಟ್ ಕೊಡದೆ ಮರದ ಮರೆಯಿಂದ ಹೊಡೆಯುವುದು ಯಾವ ಧರ್ಮ?"

"17ನೇ ಸೆಕ್ಷನ್ನಿನ 5ನೇ ಉಪವಿಭಾಗ ಓದು, ವಾಲಿ. ಊಟೋಪಚಾರಕ್ಕೆ ಕ್ರೆಡಿಟ್ ಇಲ್ಲ."

"ನಾನೇ ಊಟ ಮಾರುವ ವ್ಯಾಪಾರ ಮಾಡುವವನಾಗಿ, ಆ ವ್ಯಾಪಾರಕ್ಕೇ ಅದನ್ನು ತರಿಸಿದ್ದರೆ?"

"ಆಗ ಬೇರೆ ಮಾತು, ಸಿಗಬಹುದು."

"ಸಿಬ್ಬಂದಿಗೆ ಊಟ ಕೊಡಲೇಬೇಕು ಅಂತ ಕಾನೂನೇ ಹೇಳಿದ್ದರೆ?"

ಇಲ್ಲಿ ನನ್ನ ರಾಮ ತಡವರಿಸಿದ. ಪುಸ್ತಕ ತೆಗೆದು ನೋಡಿದೆ, ಹಾಗಿದ್ದರೂ ಸಿಗುತ್ತದೆ. ಆ ವಿನಾಯಿತಿ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಮರುದಿನ ಪಕ್ಕದ ಮನೆಯ ಕಾಕು, ಅಂದರೆ ಆಂಟಿ, ಬಂದು ಅಮ್ಮನ ಹತ್ತಿರ, ನಿನ್ನೆ ರಾತ್ರಿ ಯಾರ ಜೊತೆ ಜಗಳ ಅಂತ ವಿಚಾರಿಸಿದರು ಅನ್ನುವುದು ಬೇರೆ ವಿಷಯ.

ನೀವು ಏನೇ ಓದುತ್ತಿರಿ, ಎರಡು ಪಾತ್ರ ಮಾಡಿ. ಒಬ್ಬ ಪಾಠದ ಕಡೆ, ಇನ್ನೊಬ್ಬ ಬಿಡದೆ ಅಡ್ಡ ಪ್ರಶ್ನೆ ಕೇಳುವವ. ಕೇಳುವವನೇ ಮುಖ್ಯ. ಅವನು ಜೋರಿರಬೇಕು.

ಚಿತ್ರವೂ ಆಗುತ್ತದೆ. ಕ್ಯಾಶ್ ಫ್ಲೋದ ಮೂರು ಭಾಗವನ್ನು ಮಾಮನ ಹೋಟೆಲಿಗೆ ಮೂರು ಬಾಗಿಲು ಮಾಡಿ ಬರೆದೆ. ದೋಸೆ ಮಾರಿದ ದುಡ್ಡು ಒಂದು ಬಾಗಿಲು, ಹೊಸ ಗ್ರೈಂಡರ್ ತಂದದ್ದು ಇನ್ನೊಂದು, ಬ್ಯಾಂಕಿನ ಸಾಲ ಮೂರನೆಯದು. ಹನ್ನೆರಡನೆಯ ತರಗತಿಯ ತಮ್ಮ ರಕ್ತ ಪರಿಚಲನೆಯನ್ನು ಲೋಕಲ್ ಮ್ಯಾಪ್ ಮಾಡಿದ್ದಾನೆ. ಹೃದಯ ಸಿಎಸ್‌ಎಂಟಿ ಸ್ಟೇಷನ್, ಅಲ್ಲಿಂದ ಹೊರಡುವ ಡೌನ್ ಗಾಡಿ ಅಪಧಮನಿ, ಅಲ್ಲಿಗೆ ಬರುವ ಅಪ್ ಗಾಡಿ ಅಭಿಧಮನಿ. ಆದರೆ ಹುಷಾರು: ಹತ್ತು ನಿಮಿಷ, ಪುಸ್ತಕ ಮುಚ್ಚಿ, ಒಂದೇ ಪೆನ್ನು. ಎಂಟು ಬಣ್ಣದ ಸ್ಕೆಚ್ ಪೆನ್ ಹಿಡಿದು ಎರಡು ಗಂಟೆ ಕೂತರೆ ಅದು ರಂಗೋಲಿ, ಓದಲ್ಲ. ನಾನು ಹಾಕಿದ್ದೇನೆ, ಚೆನ್ನಾಗಿಯೇ ಬಂದಿತ್ತು.

ಟೆನ್ಶನ್ ವಿಷಯ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಮಿರೆಜ್ ಮತ್ತು ಬೈಲಾಕ್, ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಭಯವನ್ನು ಬರೆದ ವಿದ್ಯಾರ್ಥಿಗಳಿಗೆ ಅಂಕ ಸುಧಾರಿಸಿತು ಎಂದು ತೋರಿಸಿದರು, ಅದರಲ್ಲೂ ಪರೀಕ್ಷೆ ಅಂದರೆ ಜಾಸ್ತಿ ಹೆದರುವವರಿಗೆ. ಹೆದರಿಕೆ ತಲೆಯೊಳಗೆ ಸುತ್ತುತ್ತಿದ್ದರೆ ಲೆಕ್ಕಕ್ಕೆ ಬೇಕಾದ ಜಾಗವನ್ನು ಅದೇ ಹಿಡಿದುಕೊಂಡು ಕೂರುತ್ತದೆ, ಡಬ್ಬಾದ ಬಾಗಿಲಲ್ಲಿ ನಿಂತು ಇಳಿಯದೇ ಇರುವವರ ಹಾಗೆ. ಹಾಗಾಗಿ ಮಾಕ್ ಟೆಸ್ಟಿಗೂ ಮೊದಲು ಒಂದು ರಫ್ ಹಾಳೆಯಲ್ಲಿ ನಾನು ಬರೆಯುತ್ತೇನೆ: 'ಮತ್ತೆ ಫೇಲಾದರೆ ಅಪ್ಪ ಏನೂ ಹೇಳುವುದಿಲ್ಲ, ಅದೇ ಕಷ್ಟ.' ಬರೆದು ಹರಿದು ಹಾಕುತ್ತೇನೆ.

ಇನ್ನೊಂದು ಉಸಿರಿನದು. ನಾಲ್ಕು ಎಣಿಸುತ್ತಾ ಒಳಗೆ, ಏಳೆಂಟು ಎಣಿಸುತ್ತಾ ಹೊರಗೆ, ಐದಾರು ಸಲ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಲಿ.

ಮನೆ ಚಿಕ್ಕದು, ಎಲ್ಲಿ ಕೂರುವುದು ಅನ್ನುವವರಿಗೆ ಮುಂಬಯಿಯ ವರ್ಲಿಯ ಒಂದು ಬೀದಿ ಹೇಳುತ್ತೇನೆ. ಹೆಸರು ಸುದಾಮ್ ಕಾಳು ಅಹಿರೆ ಮಾರ್ಗ, ಆದರೆ ಎಲ್ಲರೂ ಅಭ್ಯಾಸ್ ಗಲ್ಲಿ ಅನ್ನುತ್ತಾರೆ. ಪಕ್ಕದ ಬಿಡಿಡಿ ಚಾಳು ಎಂಬ ಹಳೆಯ ವಠಾರದ 160 ಚದರ ಅಡಿ ಖೋಲಿಯಲ್ಲಿ ಇಡೀ ಸಂಸಾರ ಇರುವಾಗ ಓದುವುದೆಲ್ಲಿ? ಅಲ್ಲಿನ ಮಕ್ಕಳು ತಲೆಮಾರುಗಳಿಂದ ಈ ಗಲ್ಲಿಯ ಬೀದಿದೀಪದ ಕೆಳಗೆ ಕೂತು ಓದಿದ್ದಾರೆ. ನಾನು ಒಂದು ಸಂಜೆ ಆಫೀಸಿನಿಂದ ನೇರ ಅಲ್ಲಿಗೆ ಹೋದೆ. ಒಬ್ಬ ಹುಡುಗ ಕಾಲುದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಾ, ಕೈ ಬೀಸುತ್ತಾ, ಏನನ್ನೋ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಯಾರೂ ತಿರುಗಿ ನೋಡಲಿಲ್ಲ. ನನ್ನ ವಾಲಿಗೆ ಅಲ್ಲಿ ಯಾವ ಕಾಕುವಿನ ಭಯವೂ ಇಲ್ಲ.

ಇದೆಲ್ಲ ಮಾಡಿದರೂ ಕೆಲವು ದಿನ ಎಡಗಡೆ ಖಾಲಿ ಇರುತ್ತದೆ. ಗಣಪತಿ ಹಬ್ಬದ ಹತ್ತು ದಿನ ನಮ್ಮ ಗಲ್ಲಿಯ ಸ್ಪೀಕರ್ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ. ಖಾಲಿ ಬಿಡಿ, ತಾರೀಕು ಮಾತ್ರ ಹಾಕಿ. ಮಳೆಗೆ ಗಿರಾಕಿ ಬಾರದ ದಿನವೂ ಮಾಮ ಪುಟ ಹಾರಿಸುವುದಿಲ್ಲ, ಸೊನ್ನೆ ಬರೆಯುತ್ತಾರೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ನೋಟ್‌ಬುಕ್ಕಿನ ಕೆಲಸ ಅಲ್ಲ. ಮನೆಯಲ್ಲಿ ಯಾರಿಗಾದರೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ನನ್ನದು ಈಗ ಮೂರನೇ ನೋಟ್‌ಬುಕ್. ಇವತ್ತಿನ ಪುಟ ಇನ್ನೂ ಬರೆದಿಲ್ಲ. ಬಲಗಡೆಯ ಮೊದಲ ಸಾಲು ಮಾತ್ರ ಈಗಲೇ ಗೊತ್ತು: 'ಇದನ್ನು ಬರೆಯಲು ಎರಡು ಗಂಟೆ ಹತ್ತು ನಿಮಿಷ, ಪುಟ 140 ಹಾಗೇ ಉಳಿಯಿತು.'